ಸಂಬಂಧಗಳೊಳಗಿನ ದೇಹ

ಮಾನ್ಯರೇ,

ಮಾರ್ಕ್ಸ್ ಹೇಳುವಂತೆ ಮನುಷ್ಯನ ಸಾರವೆಂಬುದು ಸಾಮಾಜಿಕ ಸಂಬಂಧಗಳ ಮೊತ್ತವಾದರೆ ಮನುಷ್ಯ ಸ್ವಭಾವವೆನ್ನಲು ಏನೂ ಉಳಿಯುವುದಿಲ್ಲ, ಹಾಗಿರುವಾಗ ಶೋಷಣೆಯನ್ನು ತಪ್ಪೆನ್ನಲು ಭೌತವಾದಿಗೆ, ಅಂದರೆ ಬದುಕಿನ ಭೌತಿಕ ಸ್ಥಿತಿಗಳಿಂದಲೇ ಸಮಾಜವನ್ನು ವಿವರಿಸುವವನಿಗೆ, ಆಧಾರವೆಲ್ಲಿದೆ ಎಂದು ನಮ್ಮ ಲೇಖನವನ್ನು ಓದಿ ಬರೆದ ನಿಮ್ಮ ಪತ್ರದಲ್ಲಿ ಕೇಳಿದ್ದೀರಿ. ಹಗುರವಾಗಿ ತಳ್ಳಿಹಾಕುವಂಥ ಪ್ರಶ್ನೆ ಇದಲ್ಲ.

ನೀವು ಆಧರಿಸಿರುವುದು 1845ರಲ್ಲಿ ಮಾರ್ಕ್ಸ್ ಜರ್ಮನ್ ತತ್ವಜ್ಞಾನಿ ಫಾಯರ್‌ಬಾಖ್‌ರನ್ನು ಕುರಿತು ಬರೆದಿಟ್ಟುಕೊಂಡ ಟಿಪ್ಪಣಿಗಳಲ್ಲಿ ಆರನೆಯದು. ಮಾರ್ಕ್ಸ್ ತೀರಿಕೊಂಡ ಮೇಲೆ, 1888ರಲ್ಲಿ, ಅವರ ಒಡನಾಡಿ ಎಂಗೆಲ್ಸ್ ಅವನ್ನು ಅಚ್ಚು ಹಾಕಿಸಿದರು. ಒಬ್ಬೊಬ್ಬ ವ್ಯಕ್ತಿಯ ಒಳಗೂ ಚರಿತ್ರೆ ಸೋಕದ ಸಾರವೊಂದು ಅಡಗಿದೆಯೆಂಬ ನಂಬಿಕೆಯನ್ನು ಆ ಟಿಪ್ಪಣಿ ಅಲ್ಲಗಳೆಯುತ್ತದೆ. ಮನುಷ್ಯ ಸ್ವಭಾವವೇ ಇಲ್ಲವೆಂದು ಅದರಲ್ಲಿ ಎಲ್ಲಿಯೂ ಹೇಳಿಲ್ಲ. 1867ರ ‘ಬಂಡವಾಳ’ ಗ್ರಂಥದಲ್ಲಿ ಇಂಗ್ಲಿಷ್ ಚಿಂತಕ ಬೆಂಥಾಮ್‌ರನ್ನು ಟೀಕಿಸುವಾಗಲಂತೂ, ಮೊದಲು ಸಾಮಾನ್ಯ ಮನುಷ್ಯ ಸ್ವಭಾವವನ್ನೂ ಬಳಿಕ ಒಂದೊಂದು ಯುಗದಲ್ಲಿ ಅದು ಪಡೆದ ಮಾರ್ಪಾಟನ್ನೂ ಅರಿಯಬೇಕೆಂದು ಮಾರ್ಕ್ಸ್ ಸ್ಪಷ್ಟವಾಗಿಯೇ ಬರೆಯುತ್ತಾರೆ.

ಅದೇ ಗ್ರಂಥದ ದುಡಿಮೆಯ ದಿನವನ್ನು ಕುರಿತ ಅಧ್ಯಾಯದಲ್ಲಿ, 1863ರಲ್ಲಿ ಲಂಡನ್ನಿನ ಹೊಲಿಗೆಮನೆಯೊಂದರಲ್ಲಿ ಸತ್ತ 20 ವರ್ಷದ ಹೆಣ್ಣುಮಗಳ ಪ್ರಸಂಗ ಬರುತ್ತದೆ. ಸಿರಿವಂತ ಮಹಿಳೆಯರ ನೃತ್ಯಕೂಟದ ಉಡುಪುಗಳಿಗಾಗಿ ಆಕೆ, ಒಂದೊಂದು ಕೋಣೆಗೆ 30 ಹುಡುಗಿಯರಂತೆ ತುಂಬಿದ್ದ, ಉಸಿರಾಡಲು ಬೇಕಾದ ಗಾಳಿಯ ಮೂರನೇ ಒಂದು ಪಾಲೂ ಸರಿಯಾಗಿ ಸಿಗದಿದ್ದ ಕಡೆ, 26½ ಗಂಟೆ ಬಿಡುವಿಲ್ಲದೆ ಹೊಲಿದಿದ್ದಳು. ಆಕೆ ಕೇವಲ ಸಂಬಂಧಗಳ ಮೊತ್ತವಾಗಿದ್ದರೆ ಅಲ್ಲಿ ಕೆಟ್ಟದ್ದೇನೂ ಇರಲಿಲ್ಲ: ಯಜಮಾನಿಕೆ, ಕೂಲಿ, ಬೇಡಿಕೆ ಎಲ್ಲವೂ ತಮ್ಮ ಪಾಡಿಗೆ ನಡೆಯುತ್ತಿದ್ದವು. ಸೋತದ್ದು ನಿದ್ದೆಯೂ ಗಾಳಿಯೂ ಬೇಕಾದ ಮೈ. ಯಾವ ಉತ್ಪಾದನಾ ವ್ಯವಸ್ಥೆಯೂ ಆ ಅಗತ್ಯವನ್ನು ಇಲ್ಲವಾಗಿಸಲಾರದು. ನಿದ್ದೆ, ಗಾಳಿ ಯಾರಿಗೆ ಎಷ್ಟು ದಕ್ಕಬೇಕೆಂಬುದನ್ನು ಮಾತ್ರ ವ್ಯವಸ್ಥೆ ತೀರ್ಮಾನಿಸುತ್ತದೆ. ಭೌತವಾದಿಯ ಮಾನವತಾವಾದ ಕಾಲೂರಬೇಕಾದದ್ದು ಇಲ್ಲಿಯೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಸ್ವಭಾವವೆಂದರೆ ಅಗತ್ಯಗಳಷ್ಟೇ ಅಲ್ಲ, ಸಾಮರ್ಥ್ಯವೂ ಹೌದು. ಜೇನುಹುಳು ಎಷ್ಟೇ ಅಂದವಾಗಿ ಗೂಡು ಕಟ್ಟಿದರೂ, ಕಟ್ಟುವ ಮೊದಲೇ ಮನಸ್ಸಿನಲ್ಲಿ ಕಟ್ಟಿಕೊಳ್ಳುವವನು ಮನುಷ್ಯ. ಮಾರ್ಕ್ಸ್ 1844ರಲ್ಲಿ ಬರೆದು 1932ರವರೆಗೆ ಪೂರ್ತಿಯಾಗಿ ಬೆಳಕು ಕಾಣದ ಹಸ್ತಪ್ರತಿಗಳು ಪರಕೀಯತೆಯೆಂದು ಕರೆದದ್ದು ಈ ಸಾಮರ್ಥ್ಯ ದುಡಿಯುವವನ ಕೈತಪ್ಪುವುದನ್ನೇ.

1965ರಲ್ಲಿ ಫ್ರೆಂಚ್ ಮಾರ್ಕ್ಸ್‌ವಾದಿ ಚಿಂತಕ ಅಲ್ತೂಸರ್, ಮಾರ್ಕ್ಸ್ 1845ರಲ್ಲಿಯೇ ಮಾನವತಾವಾದದಿಂದ ಕಡಿದುಕೊಂಡರೆಂದು ವಾದಿಸಿದರು. ‘ಮನುಷ್ಯ’ ಎಂಬ ಪದ ವರ್ಗಭೇದವನ್ನು ಮರೆಮಾಚಬಲ್ಲದೆಂಬ ಅವರ ಎಚ್ಚರವನ್ನು ಒಪ್ಪುತ್ತೇನೆ. ಆ ಹೊಲಿಗೆಮನೆಯ ಪುಟಗಳನ್ನು ಓದಿದ ಮೇಲೆ ಅವರ ತೀರ್ಮಾನವನ್ನು ಒಪ್ಪಲಾರೆ.

ಆದರೂ ನಿಮ್ಮ ಆಕ್ಷೇಪದ ಒಂದು ಭಾಗ ಹಾಗೆಯೇ ನಿಲ್ಲುತ್ತದೆ. ಮೈಗೆ ನಿದ್ದೆ ಬೇಕೆಂಬುದು ವಾಸ್ತವ. ಅದನ್ನು ಕಸಿಯುವುದು ಅನ್ಯಾಯವೆಂಬುದು ಮೌಲ್ಯ. ಮೊದಲನೆಯದರಿಂದ ಎರಡನೆಯದಕ್ಕೆ ದಾಟುವ ಹೆಜ್ಜೆಯನ್ನು ನಮ್ಮ ಲೇಖನ ವಿವರಿಸದೆ ಬಿಟ್ಟಿತ್ತು, ಅದನ್ನು ಗುರುತಿಸಿದವರು ನೀವು.

— ಸಂಪಾದಕ