ಮನೆಯ ವಿಳಾಸ, ಶಾಲೆಯ ಗಡಿ: ಹೋವರ್ಡ್ ಕೌಂಟಿಗೆ ಹೊಸದಾಗಿ ಬಂದವರೊಬ್ಬರಿಗೆ ಉತ್ತರ

ನಮಸ್ಕಾರ. ನಿಮ್ಮ ಪತ್ರ ತಲುಪಿತು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಈ ಕೌಂಟಿಯಲ್ಲಿ, ಕೊಲಂಬಿಯದ ಅಪಾರ್ಟ್‌ಮೆಂಟ್ ಬಿಟ್ಟು ಸ್ವಂತ ಮನೆ ಕೊಳ್ಳಲು ಹೊರಟಿದ್ದೀರಿ. ಏಜೆಂಟರು ತೋರಿಸುವ ಪ್ರತಿಯೊಂದು ಮನೆಯ ಜೊತೆಗೂ ‘ಇದು ಇಂಥ ಹೈಸ್ಕೂಲಿಗೆ ಸೇರಿದ್ದು’ ಎಂಬ ಮಾತು ಬರುತ್ತಿದೆ. ಅದೇ ಹೊತ್ತಿಗೆ, ಯಾವ ವಿಳಾಸದ ಮಕ್ಕಳು ಯಾವ ಶಾಲೆಗೆ ಎಂದು ನಿರ್ಧರಿಸುವ ಶಾಲೆಗಳ ಗಡಿ ಮತ್ತೆ ಬದಲಾಗಬಹುದೆಂಬ ಸುದ್ದಿಯೂ ನಿಮ್ಮ ಕಿವಿಗೆ ಬಿದ್ದಿದೆ. ಹೀಗಿರುವಾಗ ಶಾಲೆಯ ಹೆಸರಿಗೆಂದು ಹೆಚ್ಚು ಹಣ ಕೊಡಬಹುದೇ, ಪರಿಚಯದ ಕನ್ನಡ ಕುಟುಂಬಗಳು ಗಡಿಯ ಬಗ್ಗೆ ಕಳಿಸಿರುವ ಮನವಿಗೆ ಸಹಿ ಹಾಕಬೇಕೇ, ಏಳನೇ ತರಗತಿಯ ಮಗಳಿಗೆ ಏನು ಹೇಳಬೇಕು ಎಂದು ಕೇಳಿದ್ದೀರಿ. ನನ್ನ ಮಕ್ಕಳು ಓದಿದ್ದು ಇದೇ ಕೌಂಟಿಯಲ್ಲಿ, 2019ರಲ್ಲಿ ಶಾಲಾ ಗಡಿಯ ದೊಡ್ಡ ಜಗಳ ನಡೆದಾಗ ನಾವು ಇಲ್ಲಿಯೇ ಇದ್ದೆವು. ಆದ್ದರಿಂದ ಕಂಡಷ್ಟನ್ನು ಬರೆಯುತ್ತೇನೆ.

ಬೆಂಗಳೂರಿನಲ್ಲಿ ಮಗುವನ್ನು ಶಾಲೆಗೆ ಸೇರಿಸುವುದೆಂದರೆ ಅರ್ಜಿ, ಡೊನೇಷನ್, ಸಂದರ್ಶನ, ಸ್ಕೂಲ್ ವ್ಯಾನು. ಮನೆ ಯಾವ ರಸ್ತೆಯಲ್ಲಿದೆ ಎಂಬುದು ಕೊನೆಯ ಮಾತು. ಆರ್‌ಟಿಇ ಸೀಟಿಗೆ ಅರ್ಜಿ ಹಾಕಿದವರಿಗೆ ಮಾತ್ರ ನೆರೆಹೊರೆಯ ನಿಯಮದ ಬಿಸಿ ತಟ್ಟಿರುತ್ತದೆ. 2019ರಲ್ಲಿ ಕರ್ನಾಟಕ ಸರ್ಕಾರವು ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟಿಲ್ಲ ಎಂದು ನಿಯಮ ತಿದ್ದಿದಾಗ ಅವರು ಪಟ್ಟ ಪಾಡು ನಿಮಗೂ ನೆನಪಿರಬಹುದು. ಇಲ್ಲಿ ಸಾರ್ವಜನಿಕ ಶಾಲೆಗೆ ಹೋಗುವ ಪ್ರತಿಯೊಂದು ಮಗುವಿನ ಶಾಲೆಯನ್ನೂ ನಿರ್ಧರಿಸುವುದು ವಿಳಾಸ. ಆದರೆ ವಿಳಾಸದಿಂದ ಏನು ಸಿಗುತ್ತದೆ ಎಂಬುದನ್ನು ನಮ್ಮವರು ಬಹಳ ಮಂದಿ ತಪ್ಪಾಗಿ ತಿಳಿದುಕೊಂಡಿದ್ದಾರೆ. ಮೇರಿಲ್ಯಾಂಡಿನಲ್ಲಿ 23 ಕೌಂಟಿಗಳು ಮತ್ತು ಬಾಲ್ಟಿಮೋರ್ ನಗರ ಸೇರಿ 24 ಶಾಲಾ ಆಡಳಿತಗಳಿವೆ. ಅಂದರೆ ಒಂದು ಕೌಂಟಿಗೆ ಒಂದೇ ಬೋರ್ಡು (ಶಾಲೆಗಳನ್ನು ನಡೆಸುವ ಮಂಡಳಿ), ಒಂದೇ ಬಜೆಟ್ಟು, ಶಿಕ್ಷಕರಿಗೆ ಒಂದೇ ವೇತನಶ್ರೇಣಿ, ಒಂದೇ ಪಠ್ಯಕ್ರಮ. ನ್ಯೂಜೆರ್ಸಿಯಲ್ಲಿ ಎಷ್ಟೋ ಸಣ್ಣ ಊರುಗಳಿಗೂ ತಮ್ಮದೇ ಶಾಲಾ ಜಿಲ್ಲೆ, ತಮ್ಮದೇ ಶಾಲಾ ತೆರಿಗೆ ಇರುವುದರಿಂದ ಅಲ್ಲಿ ಗಡಿ ದಾಟಿದರೆ ಬೇರೆಯದೇ ಆಡಳಿತದ ಕೈಗೆ ಹೋಗುತ್ತೀರಿ. ಇಲ್ಲಿನ ಗಡಿ ಒಂದೇ ಸಂಸ್ಥೆಯೊಳಗೆ ಸೀಟು ಹಂಚಲು ಎಳೆದ ಗೆರೆ ಮಾತ್ರ. ಮನೆ ಕೊಂಡಾಗ ನಿಮಗೆ ಸಿಗುವುದು ಕೌಂಟಿಯ ಶಾಲೆಯಲ್ಲೊಂದು ಜಾಗ. ಇಂಥದೇ ಕಟ್ಟಡದಲ್ಲಿ ಓದುವ ಹಕ್ಕು ಯಾವ ನಿವಾಸಿಗೂ ಇಲ್ಲ ಎಂಬ ನಿಲುವನ್ನು ಈ ರಾಜ್ಯದ ನ್ಯಾಯಾಲಯಗಳೂ ರಾಜ್ಯ ಶಿಕ್ಷಣ ಮಂಡಳಿಯೂ ದಶಕಗಳಿಂದ ಹಿಡಿದುಕೊಂಡು ಬಂದಿವೆ.

ಹಾಗಾದರೆ ಗೆರೆಯನ್ನು ಪದೇಪದೇ ಏಕೆ ಬದಲಿಸುತ್ತಾರೆ? ಕೌಂಟಿಯ ನಕ್ಷೆ ತೆರೆದರೆ ಅರ್ಧ ಉತ್ತರ ಅಲ್ಲೇ ಇದೆ. ಗ್ಲೆನೆಲ್ಗ್ ಇರುವ ಪಶ್ಚಿಮ ಭಾಗಕ್ಕೆ ಸಾರ್ವಜನಿಕ ನೀರು, ಒಳಚರಂಡಿಯ ಕೊಳವೆಗಳನ್ನು ಬೇಕೆಂದೇ ಒಯ್ದಿಲ್ಲ. ಬಾವಿ ಮತ್ತು ಸೆಪ್ಟಿಕ್ ಟ್ಯಾಂಕನ್ನು ನಂಬಿದ ದೊಡ್ಡ ನಿವೇಶನಗಳಲ್ಲಿ ಮನೆಗಳು ವಿರಳ, ಮಕ್ಕಳೂ ವಿರಳ. ಬೆಳವಣಿಗೆಯೆಲ್ಲ ಪೂರ್ವದಲ್ಲಿ, ರೂಟ್ 1ರ ಆಸುಪಾಸಿನ ಎಲ್ಕ್‌ರಿಡ್ಜ್, ಜೆಸ್ಸಪ್ ಕಡೆ. ಹೀಗಾಗಿ ಒಂದು ಬದಿಯ ಶಾಲೆಗಳಲ್ಲಿ ಬೆಂಚು ಖಾಲಿ, ಇನ್ನೊಂದು ಬದಿಯಲ್ಲಿ ಆಟದ ಮೈದಾನದ ಅಂಚಿಗೆ ಸಾಲಾಗಿ ಪೋರ್ಟಬಲ್ ಕೊಠಡಿಗಳು. ಶಾಲೆಯೊಂದು ತನ್ನ ಸಾಮರ್ಥ್ಯದ ನೂರಕ್ಕೆ 90ರಿಂದ 110ರ ನಡುವೆ ತುಂಬಿರಬೇಕೆಂಬುದು ಬೋರ್ಡಿನ ಗುರಿ. ಹೈಸ್ಕೂಲಿನ ಭರ್ತಿ 115 ಮೀರುವಂತಿದ್ದರೆ ಆ ಭಾಗದ ಹೊಸ ವಸತಿ ಯೋಜನೆಗಳನ್ನು ಕೆಲವು ವರ್ಷ ತಡೆಹಿಡಿಯುವ ಕಾನೂನೂ ಕೌಂಟಿಯಲ್ಲಿದೆ. ಆದರೆ ಹಳೆಯ ಮನೆಗಳನ್ನು ಚಿಕ್ಕ ಮಕ್ಕಳಿರುವ ಕುಟುಂಬಗಳು ಕೊಂಡಾಗಲೂ ಶಾಲೆ ತುಂಬುತ್ತದೆ. ಅದನ್ನು ಯಾವ ಕಾನೂನೂ ತಡೆಯಲಾರದು. ಹೊಸ ಹೈಸ್ಕೂಲು ಕಟ್ಟಲು ಜಾಗ, ಹಣ, ವರ್ಷಗಳು ಬೇಕು. ಅಲ್ಲಿಯವರೆಗೆ ಉಳಿಯುವ ದಾರಿ ಗೆರೆ ಸರಿಸುವುದೊಂದೇ.

ಗೆರೆಯ ಲೆಕ್ಕ ನಡೆಯುವುದು ಪಾಲಿಗನ್‌ಗಳಲ್ಲಿ. ಇಡೀ ಕೌಂಟಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟಿದ್ದಾರೆ. 2019ರ ಶರತ್ಕಾಲದಲ್ಲಿ ಇಲ್ಲಿನ ಜನ ತಮ್ಮ ಬಡಾವಣೆಯ ಹೆಸರು ಮರೆತು ಪಾಲಿಗನ್ ಸಂಖ್ಯೆಯಿಂದಲೇ ಪರಿಚಯ ಹೇಳಿಕೊಳ್ಳುತ್ತಿದ್ದರು. ಸ್ನೇಹಿತರ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪಿನಲ್ಲಿ ಆ ನಕ್ಷೆ ತೆರೆದು, ಕಾಫಿ ಆರುವುದನ್ನೂ ಗಮನಿಸದೆ, ನಾಲ್ಕಾರು ದಂಪತಿಗಳು ಬಣ್ಣಬಣ್ಣದ ತುಂಡುಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದ ದೃಶ್ಯ ನನಗೆ ಚೆನ್ನಾಗಿ ನೆನಪಿದೆ. ಒಬ್ಬರ ಮನೆಯ ಹಿತ್ತಿಲ ಬೇಲಿಯೇ ಗಡಿಯಾಗಿತ್ತು. ಬೇಲಿಯ ಆಚೆಗಿನ ಮಗು ಹಳೆಯ ಶಾಲೆಯಲ್ಲೇ ಉಳಿಯುತ್ತದೆ, ಇವರ ಮಗ ಹೋಗಬೇಕು. ಇಬ್ಬರೂ ಒಂದೇ ಸಾಕರ್ ತಂಡದವರು. ಪಾಲಿಗನ್ ಒಂದನ್ನು ಸರಿಸುವುದೆಂದರೆ ತುಂಬಿದ ಕೆಂಪು ಬಸ್ಸಿನ ಉದ್ದ ಸೀಟಿನಲ್ಲಿ ಒಬ್ಬರಿಗೆ ಜಾಗ ಮಾಡಿಕೊಟ್ಟಂತೆ: ಆ ತುದಿಯಲ್ಲಿ ಕುಳಿತವನು ಎದ್ದೇ ನಿಲ್ಲಬೇಕಾಗುತ್ತದೆ. ಆದ್ದರಿಂದಲೇ ತಮ್ಮ ಶಾಲೆಯಲ್ಲಿ ಯಾವ ನೂಕುನುಗ್ಗಲೂ ಇಲ್ಲದವರಿಗೆ ಕೂಡ ಒಂದು ದಿನ ಪತ್ರ ಬರುತ್ತದೆ.

ಆ ವರ್ಷ ಆಗಸ್ಟ್‌ನಲ್ಲಿ ಕೌಂಟಿಯ ಶಾಲೆಗಳ ಅಂದಿನ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ಮೈಕಲ್ ಮಾರ್ಟಿರಾನೊ ಅವರು ಮಂಡಿಸಿದ ಯೋಜನೆಯಲ್ಲಿ ಸುಮಾರು 7,400 ವಿದ್ಯಾರ್ಥಿಗಳು ಶಾಲೆ ಬದಲಿಸಬೇಕಿತ್ತು. ಬರೀ ನೂಕುನುಗ್ಗಲಿನ ವಿಷಯವಾಗಿದ್ದರೆ ಅಷ್ಟು ಗದ್ದಲ ಆಗುತ್ತಿರಲಿಲ್ಲವೇನೋ. ಬಡತನವು ಕೆಲವೇ ಶಾಲೆಗಳಲ್ಲಿ ಗುಂಪುಗೂಡಿರುವುದನ್ನು ಕಡಿಮೆ ಮಾಡುವುದೂ ಅದರ ಉದ್ದೇಶವಾಗಿತ್ತು. ಮೂವರು ಕೌಂಟಿ ಕೌನ್ಸಿಲ್ ಸದಸ್ಯರು ಅದೇ ಸಮಯಕ್ಕೆ ಶಾಲೆಗಳ ಏಕೀಕರಣ ಯೋಜನೆ ಬೇಕೆಂದು ನಿರ್ಣಯವನ್ನೂ ತಂದಿದ್ದರು. ಇದಕ್ಕೆ ಬಳಸಿದ ಅಳತೆಗೋಲು ಉಚಿತ ಅಥವಾ ರಿಯಾಯಿತಿ ದರದ ಊಟ ಪಡೆಯುವ ಮಕ್ಕಳ ಪ್ರಮಾಣ. ಇಲ್ಲಿನವರು ಅದನ್ನು ಫಾರ್ಮ್ಸ್ ಎನ್ನುತ್ತಾರೆ. ಜನಾಂಗದ ಲೆಕ್ಕ ಹಿಡಿದು ಒಬ್ಬೊಬ್ಬ ವಿದ್ಯಾರ್ಥಿಯನ್ನು ಶಾಲೆಗೆ ಹಂಚುತ್ತಿದ್ದ ಸಿಯಾಟಲ್ ಮತ್ತು ಲೂಯಿವಿಲ್‌ಗಳ ಕ್ರಮವನ್ನು ಸುಪ್ರೀಂ ಕೋರ್ಟ್ 2007ರಲ್ಲಿ ರದ್ದು ಮಾಡಿದ ಮೇಲೆ ಬೋರ್ಡುಗಳು ಆದಾಯದ ಅಳತೆಗೆ ಹೆಚ್ಚು ಒಲಿದಿವೆ. ರಿವರ್ ಹಿಲ್ ಹೈಸ್ಕೂಲಿನಲ್ಲಿ ಈ ಪ್ರಮಾಣ ನೂರಕ್ಕೆ ಐದರ ಒಳಗಿತ್ತು, ವೈಲ್ಡ್ ಲೇಕ್‌ನಲ್ಲಿ ನಲವತ್ತನ್ನು ಮೀರಿತ್ತು. ಎರಡೂ ಶಾಲೆಗಳಿಂದ ಮಕ್ಕಳನ್ನು ಅದಲುಬದಲು ಮಾಡುವ ಪ್ರಸ್ತಾವಕ್ಕೆ ಕಿಡಿ ಹೊತ್ತಿಕೊಂಡಿತು. ಜೇಮ್ಸ್ ರೌಸ್ ಅವರು 1967ರಲ್ಲಿ ಕೊಲಂಬಿಯ ನಗರವನ್ನು ಆರಂಭಿಸಿದ್ದೇ ಎಲ್ಲ ಬಣ್ಣದ, ಎಲ್ಲ ಆದಾಯದ ಜನ ಒಂದೇ ಕಡೆ ಬಾಳಬೇಕೆಂಬ ಆಸೆಯಿಂದ. ಅದರ ದೊಡ್ಡ ಬಡಾವಣೆಗಳಿಗೆ ಇಲ್ಲಿ ‘ಹಳ್ಳಿ’ ಎನ್ನುತ್ತಾರೆ; ಮೊದಲ ಹಳ್ಳಿ ವೈಲ್ಡ್ ಲೇಕ್, ಕೊನೆಯದು ರಿವರ್ ಹಿಲ್. ಕಾರುಗಳ ಹಿಂದೆ ‘ಸೌಜನ್ಯವನ್ನೇ ಆರಿಸಿಕೊಳ್ಳಿ’ ಎಂಬರ್ಥದ ಸ್ಟಿಕರ್ ಅಂಟಿಸಿಕೊಳ್ಳುವ ಕೌಂಟಿ ನಮ್ಮದು. ಅಂಥ ಕಡೆ ಬೋರ್ಡಿಗೆ ಬಂದ ಪತ್ರಗಳಲ್ಲಿ ಕೆಲವು ಕಪ್ಪು ಮಕ್ಕಳ ಬಗ್ಗೆ ಹಸಿ ಜನಾಂಗೀಯ ಮಾತುಗಳಿಂದ ತುಂಬಿದ್ದವು.

ನಮ್ಮವರು ಅಂಥ ಮಾತು ಬರೆದರೆಂದು ನಾನು ಹೇಳುತ್ತಿಲ್ಲ. ಬಹುತೇಕರ ವಾದ ಬೇರೆಯಾಗಿತ್ತು: ಇಷ್ಟು ಸಾಲ ಮಾಡಿ ಈ ಮನೆ ಕೊಂಡದ್ದೇ ಶಾಲೆಗೋಸ್ಕರ, ಕಷ್ಟಪಟ್ಟು ಮೇಲೆ ಬಂದೆವು, ನಮಗೇಕೆ ಈ ಶಿಕ್ಷೆ ಎಂದು. ಭಾರತೀಯರು, ಚೀನೀಯರು, ಕೊರಿಯನ್ನರು ಫಲಕ ಹಿಡಿದು ರಸ್ತೆ ಬದಿಯಲ್ಲಿ ನಿಂತರು. ಮಾತೆತ್ತದೆ ತೆರಿಗೆ ಕಟ್ಟಿಕೊಂಡಿದ್ದವರು ಮೊದಲ ಬಾರಿಗೆ ಸಾರ್ವಜನಿಕ ಸಭೆಯ ಮೈಕಿನ ಮುಂದೆ ಬಂದದ್ದು ಒಳ್ಳೆಯದೇ. ಆದರೆ ಆ ವಾದದೊಳಗೆ ಹೇಳದೆ ಬಿಟ್ಟ ಇನ್ನೊಂದು ಮಾತಿತ್ತು: ಅಪಾರ್ಟ್‌ಮೆಂಟಿನ ಮಕ್ಕಳು ಕಷ್ಟಪಡದವರ ಮಕ್ಕಳು ಎಂಬುದು. ನಮ್ಮಲ್ಲಿ ಬಹಳ ಮಂದಿ ಈ ದೇಶದಲ್ಲಿ ಮೊದಲ ವರ್ಷಗಳನ್ನು ಕಳೆದದ್ದು ಅಂಥದೇ ಅಪಾರ್ಟ್‌ಮೆಂಟುಗಳಲ್ಲಿ. ನಮ್ಮ ಮಕ್ಕಳು ಅಕ್ಷರ ಕಲಿತದ್ದು ಈಗ ಬೇಡವಾದ ಶಾಲೆಗಳಲ್ಲಿ. ಕೇಳಿದ ತಕ್ಷಣ ಸರಿಯೆನಿಸಿದ ಆಕ್ಷೇಪಗಳೂ ಇದ್ದವು. ಹತ್ತಿರದ ಹೈಸ್ಕೂಲಿನ ಮುಂದೆಯೇ ಬಸ್ಸು ದಾಟಿ ದೂರದ ಶಾಲೆಗೆ ಹೋಗುವುದು, ಸಂಜೆ ಬ್ಯಾಂಡ್ ಅಥವಾ ರೋಬೋಟಿಕ್ಸ್ ಮುಗಿಸಿದ ಮಗುವನ್ನು ಇಬ್ಬರೂ ದುಡಿಯುವ ತಂದೆತಾಯಿ ಕರೆತರುವುದು, ಸಾಕಷ್ಟು ಮಕ್ಕಳು ಹೆಸರು ಕೊಡದ ಕಡೆ ಮುಂದುವರಿದ ಗಣಿತದ ತರಗತಿ ನಡೆಯದೇ ಹೋಗುವುದು, ಇವೆಲ್ಲ ಬೋರ್ಡು ಉತ್ತರ ಕೊಡಲೇಬೇಕಾದ ಪ್ರಶ್ನೆಗಳು. ವೈಲ್ಡ್ ಲೇಕ್ ಕೆಟ್ಟ ಶಾಲೆ ಎಂಬುದು ಆ ಸಾಲಿಗೆ ಸೇರುವ ಪ್ರಶ್ನೆಯಲ್ಲ. ಅಲ್ಲಿ ಓದುತ್ತಿದ್ದ ಮಕ್ಕಳೂ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ಕಪ್ಪು ಸಮುದಾಯದ ಹಿರಿಯರು ಈ ಜಗಳವನ್ನು ನೋಡಿದ ಬಗೆ ನಮಗಿಂತ ಬೇರೆ ಎಂಬುದನ್ನೂ ತಿಳಿದಿರಿ. ಕಪ್ಪು ಮಕ್ಕಳಿಗೆಂದೇ ಪ್ರತ್ಯೇಕವಾಗಿದ್ದ ಹ್ಯಾರಿಯಟ್ ಟಬ್ಮನ್ ಹೈಸ್ಕೂಲನ್ನು ಈ ಕೌಂಟಿ ಮುಚ್ಚಿದ್ದು 1965ರಲ್ಲಿ, ಪ್ರತ್ಯೇಕ ಶಾಲೆ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿದ 11 ವರ್ಷಗಳ ಮೇಲೆ. ಅದೇ ಕಟ್ಟಡ ಈಗ ಸಾಂಸ್ಕೃತಿಕ ಕೇಂದ್ರವಾಗಿದೆ. ಬಿಡುವಾದಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿ ಓದಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ‘ನೆರೆಹೊರೆಯ ಶಾಲೆ’ ಎಂಬ ಮಾತು ನಮ್ಮ ಕಿವಿಗೆ ಮುಗ್ಧವಾಗಿ ಕೇಳಿಸಿದರೂ ಅವರಿಗೆ ಹಾಗೆ ಕೇಳಿಸಬೇಕಿಲ್ಲ.

ನವೆಂಬರ್‌ನಲ್ಲಿ ಬೋರ್ಡು ಕೊನೆಗೆ ಒಪ್ಪಿದ್ದು ಸುಮಾರು 5,400 ಮಕ್ಕಳ ವರ್ಗಾವಣೆಗೆ. ಬೋರ್ಡಿನಲ್ಲಿ ವಿದ್ಯಾರ್ಥಿ ಪ್ರತಿನಿಧಿಯೂ ಒಬ್ಬರಿರುತ್ತಾರೆ. ಆದರೆ ಗಡಿಯ ವಿಷಯದಲ್ಲಿ ಮತ ಹಾಕುವ ಅಧಿಕಾರ ಕಾನೂನಿನ ಪ್ರಕಾರ ಅವರಿಗಿಲ್ಲ, ಎಷ್ಟಾದರೂ ಬಸ್ಸು ಹತ್ತುವವರು ಅವರೇ ಆಗಿದ್ದರೂ. ಬಸ್ಸಿನ ದೂರದ ಬಗ್ಗೆ ಅಷ್ಟೆಲ್ಲ ಹೋರಾಡಿ ಮುಗಿದ ಮೇಲೆ, ಹೊಸ ಗಡಿ ಜಾರಿಗೆ ಬಂದ 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್ ಕಾರಣದಿಂದ ಮಕ್ಕಳೆಲ್ಲ ತಮ್ಮ ಹೊಸ ಶಾಲೆಯನ್ನು ಸೇರಿದ್ದು ಮನೆಯ ಕಂಪ್ಯೂಟರ್ ಪರದೆಯಲ್ಲಿ. ಮುಂದೆ ಜೆಸ್ಸಪ್‌ನಲ್ಲಿ ಗಿಲ್ಫರ್ಡ್ ಪಾರ್ಕ್ ಹೈಸ್ಕೂಲು 2023ರಲ್ಲಿ ತೆರೆಯುವುದಕ್ಕೆ ಮೊದಲು ಇನ್ನೊಮ್ಮೆ ಗೆರೆ ಎಳೆದರು.

ಈಗ ಮನೆಯ ವಿಷಯ. ಒಂದು ಶಾಲೆಯ ಹೆಸರಿಗಾಗಿಯೇ ಕೈಮೀರಿದ ಸಾಲ ಮಾಡಬೇಡಿ. ಏಜೆಂಟರು ಹೇಳುವುದು ಇಂದಿನ ಮಟ್ಟಿಗೆ ನಿಜ. ನಿಮ್ಮ ಸಾಲ ತೀರುವುದು 30 ವರ್ಷಕ್ಕೆ. ಮನೆ ಮಾರುವ ತಾಣಗಳಲ್ಲಿ ಪಕ್ಕದಲ್ಲೇ ಕಾಣುವ ಹತ್ತಕ್ಕಿಷ್ಟು ಎಂಬ ಶಾಲಾ ಅಂಕವು ಬಹುಮಟ್ಟಿಗೆ ಪರೀಕ್ಷೆಯ ಫಲಿತಾಂಶವನ್ನೂ, ಅದರ ಹಿಂದಿರುವ ತಂದೆತಾಯಿಗಳ ಆದಾಯವನ್ನೂ ತೋರಿಸುತ್ತದೆ. ಅಲ್ಲಿ ನಿಮ್ಮ ಮಗಳು ಹೇಗೆ ಕಲಿಯುತ್ತಾಳೆ ಎಂಬುದನ್ನು ಅದು ಹೇಳಲಾರದು. ಪೂರ್ತಿ ವಿಳಾಸವನ್ನು ಶಾಲಾ ಆಡಳಿತದ ಜಾಲತಾಣದಲ್ಲೇ ಹಾಕಿ ನೋಡಿ, ಏಕೆಂದರೆ ಒಂದೇ ರಸ್ತೆಯ ಎರಡು ಬದಿಗಳು ಬೇರೆ ಬೇರೆ ಶಾಲೆಗೆ ಸೇರಿರಬಹುದು. ಅವರು ಪ್ರಕಟಿಸುವ ಭರ್ತಿಯ ಅಂದಾಜಿನ ವರದಿ ಇರುತ್ತದೆ. ಅದರಲ್ಲಿ ನೀವು ಬಯಸುವ ಶಾಲೆ 110 ದಾಟಿದ್ದರೆ ಅಥವಾ 90ಕ್ಕಿಂತ ಕೆಳಗಿದ್ದರೆ ಅಲ್ಲಿನ ಗೆರೆ ಅಲುಗಾಡುತ್ತದೆ ಎಂದೇ ತಿಳಿಯಿರಿ. ಆ ಮನೆಯಿಂದ ಪಕ್ಕದ ಇನ್ನೊಂದು ಹೈಸ್ಕೂಲಿಗೆ ಹೋಗಬೇಕಾಗಿ ಬಂದರೂ ನಿಮಗೆ ಒಪ್ಪಿಗೆಯೇ ಎಂದು ಗಂಡ ಹೆಂಡತಿ ಕುಳಿತು ಕೇಳಿಕೊಳ್ಳಿ. ಒಪ್ಪಿಗೆಯಾದರೆ ಕೊಳ್ಳಿ, ಇಲ್ಲವಾದರೆ ಬೇರೆ ಮನೆ ನೋಡಿ. ಪರಿಚಯದವರ ವಿಳಾಸ ಕೊಟ್ಟು ಸೇರಿಸಿಬಿಡಿ ಎಂಬ ಸಲಹೆಯೂ ನಿಮಗೆ ಬಂದೇ ಬರುತ್ತದೆ. ಅದು ವಂಚನೆ, ಸಿಕ್ಕಿಬಿದ್ದರೆ ಶುಲ್ಕ ವಸೂಲಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ.

ಮನವಿಗೆ ಸಹಿ ಹಾಕುವುದೋ ಬಿಡುವುದೋ ಅದರೊಳಗೆ ಬರೆದಿರುವುದನ್ನು ಅವಲಂಬಿಸಿದೆ, ಕಳಿಸಿದವರು ಯಾರೆಂಬುದನ್ನಲ್ಲ. ಕನ್ನಡದವರು ಎಂಬ ದಾಕ್ಷಿಣ್ಯಕ್ಕೆ ಬೀಳಬೇಡಿ. ನಾಳೆ ಸಂಘದ ರಾಜ್ಯೋತ್ಸವದಲ್ಲಿ ಪಕ್ಕದಲ್ಲೇ ಕೂರಬೇಕಾದವರು ಎರಡೂ ಪಾಲಿಗನ್‌ಗಳಲ್ಲಿ ಇರುತ್ತಾರೆ. ನಡೆದು ಹೋಗಬಹುದಾದ ದೂರ, ಬಸ್ಸಿನ ಸಮಯ, ಎರಡು ಮೂರು ವರ್ಷಗಳಲ್ಲಿ ಒಂದೇ ಬಡಾವಣೆಯನ್ನು ಮತ್ತೆ ಮತ್ತೆ ಸರಿಸಿರುವುದು, ಕೇವಲ ಹತ್ತಿಪ್ಪತ್ತು ಮಕ್ಕಳನ್ನು ಸಹಪಾಠಿಗಳಿಂದ ಬೇರ್ಪಡಿಸಿ ಒಂಟಿಯಾಗಿ ಕಳಿಸುವುದು, ಇಂಥವು ಅದರಲ್ಲಿದ್ದರೆ ಸಹಿ ಹಾಕಿ, ಸಾಧ್ಯವಾದರೆ ಸಭೆಗೂ ಹೋಗಿ. ಬೋರ್ಡಿನವರ ಮುಂದೆ ಕೊಡುವುದು ಕೆಲವೇ ನಿಮಿಷ. ಮನೆಯ ಬೆಲೆಯ ಮಾತೆತ್ತಿದರೆ ಆ ನಿಮಿಷಗಳೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ, ಏಕೆಂದರೆ ಅದು ಅವರು ಪರಿಗಣಿಸಬೇಕಾದ ಅಂಶಗಳಲ್ಲೇ ಇಲ್ಲ. ಬೇಡವೆನ್ನುವುದರ ಜೊತೆಗೆ ಬೇರೆ ಯಾವ ಪಾಲಿಗನ್ ಸರಿಸಿದರೆ ಲೆಕ್ಕ ಕೂಡುತ್ತದೆ ಎಂದು ಅಂಕಿ ಸಮೇತ ತೋರಿಸಿದವರ ಮಾತಿಗೆ 2019ರಲ್ಲೂ ಬೆಲೆ ಸಿಕ್ಕಿತ್ತು. ಇನ್ನೂ ನಾಗರಿಕತ್ವ ಬಂದಿಲ್ಲ, ಮತ ಹಾಕಲಾಗದು ಎಂದು ಹಿಂಜರಿಯಬೇಡಿ. ಮಾತನಾಡಲು ಅದು ಬೇಕಿಲ್ಲ.

ಮಗಳಿಗೆ ತೀರ್ಮಾನ ಆಗುವವರೆಗೂ ಹೆಚ್ಚೇನೂ ಹೇಳುವ ಅಗತ್ಯವಿಲ್ಲ. ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿರುವವರಿಗೆ ಹಳೆಯ ಶಾಲೆಯಲ್ಲೇ ಮುಗಿಸಲು ಸಾಮಾನ್ಯವಾಗಿ ವಿನಾಯಿತಿ ಕೊಡುತ್ತಾರೆ. ಏಳನೆಯವಳಿಗೆ ಅದು ಅನ್ವಯಿಸಲಾರದು, ಆದರೆ ಹೇಗೂ ಒಂಬತ್ತನೆಯದಕ್ಕೆ ಎಲ್ಲರೂ ಹೊಸ ಕಟ್ಟಡಕ್ಕೆ ಹೋಗುವವರೇ. ಅವಳೊಡನೆ ಯಾವ ಗೆಳತಿಯರು ಬರುತ್ತಾರೆ ಎಂಬುದೇ ಆ ವಯಸ್ಸಿನ ನಿಜವಾದ ಚಿಂತೆ. ಇಲ್ಲಿನ ಎಲಿಮೆಂಟರಿ, ಮಿಡ್ಲ್, ಹೈಸ್ಕೂಲುಗಳ ಗಡಿಗಳು ಒಂದರೊಳಗೊಂದು ಸರಿಯಾಗಿ ಕೂರುವುದಿಲ್ಲವಾದ್ದರಿಂದ, ಅವಳ ಮಿಡ್ಲ್ ಸ್ಕೂಲಿನ ಎಷ್ಟು ಮಕ್ಕಳು ಯಾವ ಹೈಸ್ಕೂಲಿಗೆ ಹೋಗುತ್ತಾರೆಂದು ಶಾಲೆಯ ಕೌನ್ಸೆಲರ್ ಅವರನ್ನು ಈಗಲೇ ಕೇಳಿಡಿ. ಒಂದು ಸಂಜೆ ಎರಡೂ ಹೈಸ್ಕೂಲುಗಳ ಸಂಗೀತ ಕಚೇರಿಗೋ ಪಂದ್ಯಕ್ಕೋ ಕರೆದುಕೊಂಡು ಹೋಗಿ. ಟಿಕೆಟ್ಟು ಅಗ್ಗ, ಸುತ್ತಲಿನವರೂ ಬರುತ್ತಾರೆ. ಮನೆ ಗೊತ್ತಾದ ಮೇಲೆ ವಿಳಾಸ ತಿಳಿಸಿ, ಆ ಪಾಲಿಗನ್ನಿನ ಹಿಂದಿನ ಇತಿಹಾಸ ನನಗೆ ಗೊತ್ತಿದ್ದರೆ ಹೇಳುತ್ತೇನೆ.