ಖೋಟಾ ನೋಟು, ಅಸಲಿ ನಾಣ್ಯ: ಕಿರಾಣಿ ಅಂಗಡಿಯ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ರಾಣೆಬೆನ್ನೂರಿನಿಂದ ನೀವು ಬರೆದ ಕಾಗದವನ್ನು ಎರಡು ಸಲ ಓದಿದೆ. ವಾರದ ವ್ಯಾಪಾರದ ಹಣ ಕಟ್ಟಲು ಹೋದಾಗ ಬ್ಯಾಂಕಿನವರು ಅದರಲ್ಲಿದ್ದ 500 ರೂಪಾಯಿಯ ಒಂದು ನೋಟನ್ನು ಖೋಟಾ ಎಂದು ಮುದ್ರೆ ಒತ್ತಿ ಇಟ್ಟುಕೊಂಡರೆಂದೂ, ರಸೀದಿಯನ್ನೂ ಕೊಡಲಿಲ್ಲವೆಂದೂ, ‘ಸಂತೆಯಲ್ಲಿ ದಾಟಿಸಿಬಿಡಬೇಕಿತ್ತು’ ಎಂದು ಪಕ್ಕದ ಅಂಗಡಿಯವರು ನಿಮ್ಮನ್ನೇ ಆಕ್ಷೇಪಿಸಿದರೆಂದೂ ತಿಳಿಸಿದ್ದೀರಿ. ರೂಪಾಯಿ ಚಿಹ್ನೆಯಿಲ್ಲದ 10 ರೂಪಾಯಿ ನಾಣ್ಯಗಳನ್ನು ಗಿರಾಕಿಗಳು ಮುಟ್ಟುವುದಿಲ್ಲ, ಏನು ಮಾಡಲಿ ಎಂದೂ ಕೇಳಿದ್ದೀರಿ.

ನೋಟನ್ನು ಇಟ್ಟುಕೊಂಡದ್ದು ಸರಿ, ರಸೀದಿ ಕೊಡದಿದ್ದದ್ದು ತಪ್ಪು. ರಿಸರ್ವ್ ಬ್ಯಾಂಕಿನ ನಿಯಮದಂತೆ ಖೋಟಾ ನೋಟನ್ನು ತಂದವರಿಗೆ ಹಿಂದಿರುಗಿಸುವಂತಿಲ್ಲ, ಶಾಖೆಯಲ್ಲಿ ಹರಿದುಹಾಕುವಂತೆಯೂ ಇಲ್ಲ. ಆದರೆ ಕ್ರಮಸಂಖ್ಯೆಯಿರುವ ಸ್ವೀಕೃತಿ ಪತ್ರವನ್ನು, ತಂದವರು ಸಹಿ ಹಾಕಲು ಒಪ್ಪದಿದ್ದರೂ, ಕೊಡಲೇಬೇಕು. ಅದನ್ನು ಈಗಲೂ ಬರಹದಲ್ಲಿ ಕೇಳಿ. ಒಂದೇ ವ್ಯವಹಾರದಲ್ಲಿ ನಾಲ್ಕರವರೆಗೆ ಖೋಟಾ ನೋಟುಗಳು ಸಿಕ್ಕರೆ ಬ್ಯಾಂಕು ತಿಂಗಳ ಕೊನೆಯಲ್ಲಿ ಪೊಲೀಸರಿಗೆ ಒಟ್ಟಾಗಿ ವರದಿ ಮಾಡುತ್ತದೆ. ಐದು ಅಥವಾ ಹೆಚ್ಚು ಸಿಕ್ಕರೆ ಆಗಲೇ ದೂರು ದಾಖಲಾಗುತ್ತದೆ. ಆದ್ದರಿಂದ ಒಂದು ನೋಟಿಗಾಗಿ ನೀವು ಠಾಣೆಗೆ ಹೆದರಬೇಕಾಗಿಲ್ಲ.

ಆ 500 ರೂಪಾಯಿ ಮಾತ್ರ ನಿಮ್ಮ ಖಾತೆಗೆ ಬರುವುದಿಲ್ಲ. ಉಪ್ಪು, ಬೇಳೆ ಮಾರಿ ರೂಪಾಯಿಗೆ ರೂಪಾಯಿ ಕೂಡಿಸುವವರಿಗೆ ಇದು ಎಷ್ಟು ಕಷ್ಟದ ಮಾತೆಂದು ಬಲ್ಲೆ. ಆದರೆ ಖೋಟಾ ನೋಟಿಗೆ ಬದಲಾಗಿ ಬ್ಯಾಂಕು ಒಳ್ಳೆಯ ನೋಟು ಕೊಡತೊಡಗಿದರೆ, ಅದನ್ನು ಅಚ್ಚು ಹಾಕುವವನಿಗೆ ಬ್ಯಾಂಕೇ ಗಿರಾಕಿಯಾದಂತಾಗುತ್ತದೆ. ನಿಮ್ಮ ನೆರೆಯವರ ಸಲಹೆಯನ್ನು ದಯವಿಟ್ಟು ಎಂದಿಗೂ ಪಾಲಿಸಬೇಡಿ. ಖೋಟಾ ಎಂದು ತಿಳಿದ ಮೇಲೂ ನೋಟನ್ನು ಇನ್ನೊಬ್ಬರಿಗೆ ಕೊಡುವುದು ಭಾರತೀಯ ನ್ಯಾಯ ಸಂಹಿತೆಯ 179ನೆಯ ಕಲಮಿನ ಪ್ರಕಾರ ಜೀವಾವಧಿ ಶಿಕ್ಷೆಯವರೆಗೂ ಹೋಗಬಹುದಾದ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಸಂತೆಯ ಮುಸ್ಸಂಜೆಯಲ್ಲಿ ಅದು ಸೊಪ್ಪು ಮಾರುವ, ನಿಮಗಿಂತ ಬಡವರಾದ ಯಾರದೋ ಸೆರಗಿನ ಗಂಟಿಗೆ ಸೇರುತ್ತದೆ.

ಹಾಗಾಗಿ ನೋಟು ಗಲ್ಲಾಪೆಟ್ಟಿಗೆಗೆ ಬೀಳುವ ಮೊದಲೇ, ಕೊಟ್ಟವರು ಎದುರಿಗಿರುವಾಗಲೇ ನೋಡಬೇಕು. ಮೊದಲು ಬೆರಳು, ಆಮೇಲೆ ಕಣ್ಣು. ನಮ್ಮ ಮೈಸೂರಿನಲ್ಲಿ ನೋಟಿನ ಮುದ್ರಣಾಲಯವೂ ಇದೆ, ನೋಟಿನ ಕಾಗದದ ಕಾರ್ಖಾನೆಯೂ ಇದೆ. ಆ ಕಾಗದ ಹತ್ತಿಯಿಂದ ಆದದ್ದರಿಂದ ಗರಿಗರಿಯಾದ ಗಟ್ಟಿತನ ಕೈಗೆ ತಿಳಿಯುತ್ತದೆ. 500ರ ನೋಟಿನ ಎಡ ಬಲ ಅಂಚುಗಳಲ್ಲಿ ಐದೈದು ಓರೆಗೆರೆಗಳು ಉಬ್ಬಾಗಿ ಮುದ್ರಿತವಾಗಿದ್ದು, ಹೆಬ್ಬೆರಳು ಸವರಿದರೆ ತಡೆಯುತ್ತವೆ. ನೋಟನ್ನು ಓರೆ ಮಾಡಿದರೆ ಭದ್ರತಾ ಎಳೆಯ ಬಣ್ಣವೂ ಕೆಳಗೆ ಬಲಕ್ಕಿರುವ ₹500 ಎಂಬುದರ ಬಣ್ಣವೂ ಹಸಿರಿನಿಂದ ನೀಲಿಗೆ ತಿರುಗಬೇಕು. ಬಣ್ಣದ ಪ್ರಿಂಟರು ಏನನ್ನು ನಕಲು ಮಾಡಿದರೂ ಈ ತಿರುಗುವಿಕೆಯನ್ನು ಮಾಡಲಾರದು. ನನ್ನನ್ನು ಕೇಳಿದರೆ ಒಂದೇ ಪರೀಕ್ಷೆಗೆ ಸಮಯವಿದ್ದಾಗ ಇದನ್ನೇ ಮಾಡಿ. ಬೆಳಕಿಗೆ ಹಿಡಿದಾಗ ಗಾಂಧೀಜಿಯ ಮುಖ ಮತ್ತು 500 ಎಂಬ ಅಂಕಿ ಕಾಗದದ ಒಳಗಿನಿಂದಲೇ ಮೂಡುತ್ತವೆ. ಬೆಳಕಿಗೆ ಹಿಡಿಯದೆಯೂ ಎಣ್ಣೆಯ ಕಲೆಯಂತೆ ಕಂಡರೆ ಸಂಶಯಪಡಿ. ಖೋಟಾ ಕಾಗದವನ್ನು ಹೊಳೆಯಿಸಿ ತೋರಿಸುವ ನೇರಳೆ (ಅಲ್ಟ್ರಾವಯೊಲೆಟ್) ದೀಪವನ್ನೊಂದೇ ನಂಬಬೇಡಿ, ಏಕೆಂದರೆ ಜೇಬಿನಲ್ಲೇ ಉಳಿದು ಸಾಬೂನು ಪುಡಿಯಲ್ಲಿ ತೊಳೆದುಹೋದ ಅಸಲಿ ನೋಟೂ ಆ ದೀಪದಡಿ ಹೊಳೆಯಬಹುದು. ಕ್ರಮಸಂಖ್ಯೆಯ ನಡುವೆ ನಕ್ಷತ್ರವಿರುವ ನೋಟು ಖೋಟಾ ಎಂಬ ಮಾತೂ ಸುಳ್ಳು; ಮುದ್ರಣದಲ್ಲಿ ಕೆಟ್ಟ ನೋಟಿಗೆ ಬದಲಾಗಿ ಹಾಕುವ ನೋಟಿನ ಗುರುತು ಅದು.

ಸಂಶಯ ಬಂದಾಗ ಗಿರಾಕಿಯನ್ನು ಕಳ್ಳನೆನ್ನದೆ ಬೇರೆ ನೋಟು ಕೇಳಿ; ಅವರೂ ನಿಮ್ಮಂತೆಯೇ ಮೋಸಹೋಗಿರಬಹುದು. ಆಮೇಲೆ ಗೊತ್ತಾದರೆ ಆ ನೋಟನ್ನು ಬೇರೆಯಾಗಿ ಲಕೋಟೆಯಲ್ಲಿಟ್ಟು, ಯಾರಿಂದ, ಯಾವ ದಿನ ಬಂತೆಂದು ನೆನಪಿದ್ದಷ್ಟು ಬರೆದು, ಬ್ಯಾಂಕಿಗೆ ಒಯ್ಯಿರಿ.

ಇನ್ನು ನಾಣ್ಯ. ರೂಪಾಯಿ ಚಿಹ್ನೆ ಅಂಗೀಕಾರವಾದದ್ದೇ 2010ರಲ್ಲಿ. ಅದಕ್ಕೆ ಮೊದಲು ಟಂಕಿಸಿದ ನಾಣ್ಯದಲ್ಲಿ ಅದು ಇರುವುದಾದರೂ ಹೇಗೆ? 2018ರ ಜನವರಿಯವರೆಗೆ ಬಂದ 10 ರೂಪಾಯಿಯ 14 ವಿನ್ಯಾಸಗಳೂ ಸಿಂಧು ಎಂದು ರಿಸರ್ವ್ ಬ್ಯಾಂಕು ಆ ತಿಂಗಳು ಸ್ಪಷ್ಟಪಡಿಸಿದೆ. ಖೋಟಾ ನಾಣ್ಯಗಳು ಇಲ್ಲವೆಂದಲ್ಲ, ಆದರೆ ಅವುಗಳನ್ನು ಚಿಹ್ನೆಯಿಂದ ಗುರುತಿಸಲಾಗದು. ನಿಮ್ಮಲ್ಲಿ ತಕ್ಕಡಿಯಿದೆ: ಒಂದು ನಾಣ್ಯದ ತೂಕ ಸುಮಾರು 7.7 ಗ್ರಾಂ, ಹತ್ತು ನಾಣ್ಯ ಸುಮಾರು 77 ಗ್ರಾಂ ಬರಬೇಕು, ಅಗಲ 27 ಮಿಲಿಮೀಟರ್. ಕೂಡಿಟ್ಟ ನಾಣ್ಯಗಳನ್ನು ಬ್ಯಾಂಕಿಗೆ ಕಟ್ಟಿ. ಶಾಖೆಯಲ್ಲಿ ಬೇಡವೆಂದರೆ ಬರಹದಲ್ಲಿ ದೂರು ಕೊಡಿ, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ಗ್ರಾಹಕರ ದೂರನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ. ರಸೀದಿಯ ದೂರಿಗೂ ದಾರಿ ಇದೇ.

— ಸಂಪಾದಕ