ಡಬ್ಬದ ಮೇಲಿನ ಕಿಲೋವ್ಯಾಟ್ ಬಿಡಿ, ಕೊರೆಯುವ ಚಳಿಯಲ್ಲಿ ಎಷ್ಟು ಕೊಡುತ್ತದೆ ಅಂತ ಕೇಳಿ

ಪ್ರಶ್ನೆ: ನಾವಿರುವ ಕಡೆ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಹೋದ ಜನವರಿಯ ಒಂದು ರಾತ್ರಿ ಮೈನಸ್ 22 ಡಿಗ್ರಿಗೆ ಇಳಿದಿತ್ತು. ಆ ತಿಂಗಳ ಸರಾಸರಿ ಮೈನಸ್ 8. ಮನೆ ಒಂದೇ ಅಂತಸ್ತು, ಸುಮಾರು 90 ಚದರ ಮೀಟರ್. ಹಾಲ್, ಅಡುಗೆಮನೆ ಎರಡೂ ಒಂದೇ ಜಾಗದಲ್ಲಿವೆ. ಪಕ್ಕದಲ್ಲಿ ಎರಡು ಮಲಗುವ ಕೋಣೆ. ಈಗ ಎಲ್ಲ ಕಡೆ ಕರೆಂಟ್ ಹೀಟರ್. ಬಿಲ್ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಜನವರಿಯಲ್ಲಿ 2,400 ಯೂನಿಟ್ ಆಗಿತ್ತು. ಹೀಟರ್ ಹಾಕದ ತಿಂಗಳಲ್ಲಿ 400 ದಾಟುವುದಿಲ್ಲ. ಗೋಡೆಗೆ ಹಾಕುವ ಹೀಟ್ ಪಂಪ್ (ಹೊರಗಿನ ಗಾಳಿಯಿಂದ ಬಿಸಿ ಎಳೆದು ಒಳಗೆ ಕೊಡುವ, ಎಸಿಯಂಥ ಯಂತ್ರ) ತಗೊಳ್ಳೋಣ ಅಂತ ಇಬ್ಬರನ್ನು ವಿಚಾರಿಸಿದೆ. ಒಬ್ಬರು 7 ಕಿಲೋವ್ಯಾಟಿನದು ಹಾಕಿಸಿ, ದೊಡ್ಡದಿದ್ದರೆ ಚಿಂತೆಯಿಲ್ಲ ಅನ್ನುತ್ತಾರೆ. ಇನ್ನೊಬ್ಬರು 4 ಕಿಲೋವ್ಯಾಟಿನದೇ ಸಾಕು ಅನ್ನುತ್ತಾರೆ, ಆದರೆ ಅದಕ್ಕೇ ಬೆಲೆ ಜಾಸ್ತಿ! ಎರಡರ ಮಾಹಿತಿ ಪತ್ರವನ್ನೂ ಜೊತೆಗಿಟ್ಟಿದ್ದೇನೆ. ಇಷ್ಟಕ್ಕೂ ಅಂಥ ಚಳಿಯಲ್ಲಿ ಹೊರಗಿನ ಗಾಳಿಯಲ್ಲಿ ಬಿಸಿ ಎಲ್ಲಿರುತ್ತದೆ ಸರ್?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದು ಗೊತ್ತಾದರೆ ಉಳಿದದ್ದು ಸಲೀಸು.

ಈ ಯಂತ್ರಗಳಲ್ಲಿ ಈಗ ಹೆಚ್ಚಾಗಿ ಇರುವುದು ಆರ್32 ಅನ್ನುವ ಗ್ಯಾಸ್. ಸಾಮಾನ್ಯ ಒತ್ತಡದಲ್ಲಿ ಅದು ಮೈನಸ್ 52 ಡಿಗ್ರಿಯಲ್ಲೇ ಕುದಿಯುತ್ತದೆ. ಹೊರಗೆ ಮೈನಸ್ 22 ಇದ್ದಾಗ ಯಂತ್ರ ಏನು ಮಾಡುತ್ತದೆ ಅಂದರೆ, ಹೊರಗಿನ ಯೂನಿಟ್‌ನ ಕಾಯಿಲ್‌ನಲ್ಲಿ ಒತ್ತಡ ಇಳಿಸಿ ಆ ದ್ರವವನ್ನು ಮೈನಸ್ 30ರ ಆಸುಪಾಸು ಇಡುತ್ತದೆ. ಮೈನಸ್ 30ರಲ್ಲಿ ಇರುವ ದ್ರವಕ್ಕೆ ಮೈನಸ್ 22ರ ಗಾಳಿ ಬಿಸಿಯೇ ಅಲ್ವಾ? ಆ ಬಿಸಿ ಹೀರಿಕೊಂಡು ಅದು ಕುದಿದು ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಹಿಂಡಿ ಒತ್ತಡ ಏರಿಸುತ್ತದೆ. ಆಗ ಆವಿ ಚೆನ್ನಾಗಿ ಕಾಯುತ್ತದೆ. ಒಳಗಿನ ಯೂನಿಟ್‌ಗೆ ಬಂದು, ಕೋಣೆಯ ಗಾಳಿಗೆ ಬಿಸಿ ಕೊಟ್ಟು, ಮತ್ತೆ ದ್ರವವಾಗಿ ಹೊರಗೆ ಹೋಗುತ್ತದೆ. ಇಷ್ಟೇ ವಿಷಯ. ನಿಮ್ಮ ಹೀಟರ್ ಒಂದು ಯೂನಿಟ್ ಕರೆಂಟ್ ತಿಂದು ಒಂದು ಯೂನಿಟ್ ಬಿಸಿ ಕೊಡುತ್ತದೆ. ಇದು ಹೊರಗೆ 7 ಡಿಗ್ರಿ ಇದ್ದಾಗ ಒಂದಕ್ಕೆ ನಾಲ್ಕರ ಹತ್ತಿರ ಕೊಡಬಲ್ಲದು. ಮೈನಸ್ 15ರಲ್ಲಿ ಒಂದಕ್ಕೆ ಎರಡರ ಆಸುಪಾಸು. ಬಾವಿ ಆಳವಾದಷ್ಟೂ ನೀರೆತ್ತುವ ಪಂಪಿಗೆ ಕೆಲಸ ಜಾಸ್ತಿ, ಹಾಗೆ. ಈ ಅನುಪಾತಕ್ಕೆ ಸಿಒಪಿ ಅನ್ನುತ್ತಾರೆ. ಮಾಹಿತಿ ಪತ್ರದಲ್ಲಿ ಹುಡುಕಿ, ಸಿಗುತ್ತದೆ.

ಈಗ 4 ಬೇಕಾ, 7 ಬೇಕಾ ಅನ್ನುವ ಮಾತು. ಈ ಯಂತ್ರ ಕೂರಿಸುವ ಕೆಲಸದಲ್ಲೇ ಕೂದಲು ಬೆಳ್ಳಗಾದವನು ನಾನು. ನನ್ನ ಅನುಭವದಲ್ಲಿ ಜನ ಹಣ ಕಳೆದುಕೊಳ್ಳುವುದು ಇದೊಂದೇ ಜಾಗದಲ್ಲಿ. ಡಬ್ಬದ ಮೇಲೆ ದೊಡ್ಡದಾಗಿ ಬರೆದ ಕಿಲೋವ್ಯಾಟ್ ಇದೆಯಲ್ಲ, ಅದನ್ನು ಅಳೆಯುವುದು ಹೊರಗೆ 7 ಡಿಗ್ರಿ, ಒಳಗೆ 20 ಡಿಗ್ರಿ ಇದ್ದಾಗ. ಮೈನಸ್ 22ಕ್ಕೆ ಇಳಿಯುವ ಕಡೆ 7 ಡಿಗ್ರಿಯ ಅಂಕಿ ಕಟ್ಟಿಕೊಂಡು ಏನು ಮಾಡುತ್ತೀರಿ?

ಮೊದಲು ನಿಮ್ಮ ಮನೆಗೆ ಎಷ್ಟು ಬಿಸಿ ಬೇಕು ಅಂತ ಲೆಕ್ಕ ಹಾಕೋಣ. ಕರೆಂಟ್ ಹೀಟರ್ ಇರುವುದರಿಂದ ಇದು ಸುಲಭ. ಜನವರಿಯ 2,400ರಲ್ಲಿ ಮಾಮೂಲಿ ಬಳಕೆಯ 400 ಕಳೆದರೆ ಹೀಟರ್‌ಗೆ ಹೋದದ್ದು 2,000 ಯೂನಿಟ್. ಜನವರಿಯಲ್ಲಿ 744 ಗಂಟೆ. ಭಾಗಿಸಿದರೆ ಸರಾಸರಿ 2.7 ಕಿಲೋವ್ಯಾಟ್. ಒಳಗೆ 20, ಹೊರಗೆ ಸರಾಸರಿ ಮೈನಸ್ 8, ಅಂದರೆ 28 ಡಿಗ್ರಿ ಅಂತರ. ಮತ್ತೆ ಭಾಗಿಸಿ: ಡಿಗ್ರಿಗೆ 96 ವ್ಯಾಟ್. ಹಗಲಿನ ಬಿಸಿಲು ಕೊಟ್ಟ ಬಿಸಿ ಇದರಲ್ಲಿ ಸೇರಿಲ್ಲ, ರಾತ್ರಿ ಅದು ಇರುವುದೂ ಇಲ್ಲ. ಆದ್ದರಿಂದ 100 ಅಂತಲೇ ಇಟ್ಟುಕೊಳ್ಳಿ. ಮೈನಸ್ 22ರ ರಾತ್ರಿ ಅಂತರ 42 ಡಿಗ್ರಿ. ಆಗ ಇಡೀ ಮನೆಗೆ 4.2 ಕಿಲೋವ್ಯಾಟ್ ಬೇಕು.

ಈಗ ನೀವು ಕಳಿಸಿದ ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 7 ಕಿಲೋವ್ಯಾಟಿನದು ಮೈನಸ್ 15ರಲ್ಲಿ 4.3 ಕೊಡುತ್ತದೆ ಅಂತಿದೆ. ಅದರ ಕೆಳಗೆ ಅಂಕಿಯೇ ಇಲ್ಲ. ಯಾಕೆಂದರೆ ಅದು ಕೆಲಸ ಮಾಡುವ ಕೊನೆಯ ಮಿತಿಯೇ ಮೈನಸ್ 15. 4 ಕಿಲೋವ್ಯಾಟಿನದು ಮೈನಸ್ 15ರಲ್ಲಿ 5, ಮೈನಸ್ 25ರಲ್ಲೂ 4.2 ಕೊಡುತ್ತದೆ. ಚಿಕ್ಕದು ಅಂದುಕೊಂಡದ್ದೇ ಚಳಿಯಲ್ಲಿ ದೊಡ್ಡದಾಯಿತು. ಬೆಲೆ ಜಾಸ್ತಿ ಇರುವುದು ಅದಕ್ಕೇ. ಇಂಥ ಯಂತ್ರಗಳಲ್ಲಿ ಚಳಿಗೆಂದೇ ಮಾಡಿದ ಕಂಪ್ರೆಸರ್ ಇರುತ್ತದೆ, ಹೊರಗಿನ ಕಾಯಿಲ್ ದೊಡ್ಡದಿರುತ್ತದೆ, ಕರಗಿ ಬಿದ್ದ ನೀರು ಹೆಪ್ಪುಗಟ್ಟದಿರಲಿ ಅಂತ ತಳದ ತಟ್ಟೆಗೆ ಹೀಟರ್ ಇರುತ್ತದೆ.

ಇಲ್ಲಿ ಒಂದು ಎಚ್ಚರ. ಕೆಲವು ಪತ್ರಗಳಲ್ಲಿ ‘ಮೈನಸ್ 25ರವರೆಗೆ ಕೆಲಸ ಮಾಡುತ್ತದೆ’ ಅಂತಷ್ಟೇ ಇರುತ್ತದೆ. ಕೆಲಸ ಮಾಡುವುದು ಬೇರೆ, ಸಾಕಾಗುವಷ್ಟು ಬಿಸಿ ಕೊಡುವುದು ಬೇರೆ. ಮೈನಸ್ 25ರಲ್ಲಿ ಎಷ್ಟು ಕಿಲೋವ್ಯಾಟ್ ಅನ್ನುವುದನ್ನು ಕಾಗದದ ಮೇಲೆ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಆ ಯಂತ್ರ ಬೇಡ. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ಇನ್ನು ‘ದೊಡ್ಡದಿದ್ದರೆ ಚಿಂತೆಯಿಲ್ಲ’ ಅನ್ನುವ ಮಾತು. ಚಿಂತೆ ಇದೆ. ಚಳಿಗಾಲದ ಎಲ್ಲ ದಿನವೂ ಮೈನಸ್ 22 ಇರುವುದಿಲ್ಲ. ಹೊರಗೆ 10 ಡಿಗ್ರಿ ಇರುವ ದಿನ ನಿಮ್ಮ ಮನೆಗೆ ಬೇಕಾದದ್ದು ಬರೀ 1 ಕಿಲೋವ್ಯಾಟ್. ಇನ್ವರ್ಟರ್ ಯಂತ್ರ ವೇಗ ತಗ್ಗಿಸಿಕೊಂಡು ನಿಧಾನವಾಗಿ ಓಡುತ್ತದೆ ನಿಜ, ಆದರೆ ಅದಕ್ಕೂ ಒಂದು ತಳ ಇದೆ. ನಿಮ್ಮ 7 ಕಿಲೋವ್ಯಾಟಿನದು 2ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಓಡುವುದು, ನಿಲ್ಲುವುದು, ಮತ್ತೆ ಓಡುವುದು, ದಿನವಿಡೀ ಅದೇ. ಕರೆಂಟ್ ದಂಡ, ಕಂಪ್ರೆಸರ್‌ಗೂ ಸವೆತ. ಇನ್ನೊಂದು 0.8ರವರೆಗೆ ಇಳಿಯುತ್ತದೆ. ಅದು ಸದ್ದಿಲ್ಲದೆ ಓಡುತ್ತಲೇ ಇರುತ್ತದೆ. ಅಂಗಡಿಯಲ್ಲಿ ಯಾರೂ ಈ ಕನಿಷ್ಠ ಅಂಕಿ ಕೇಳುವುದಿಲ್ಲ. ನೀವು ಕೇಳಿ.

ಹಾಗಾದರೆ 4 ಕಿಲೋವ್ಯಾಟಿನದು ತಗೊಳ್ಳಿ. ಆದರೆ ಹಳೆಯ ಹೀಟರ್‌ಗಳನ್ನು ಕಿತ್ತುಹಾಕಬೇಡಿ. ಹಾಲ್‌ನ ಗೋಡೆಯಲ್ಲಿರುವ ಒಂದು ಯೂನಿಟ್‌ನ ಬಿಸಿ, ಬಾಗಿಲು ಹಾಕಿದ ಮಲಗುವ ಕೋಣೆಗೆ ಹೋಗುವುದಿಲ್ಲ. ಬಾಗಿಲು ತೆರೆದಿಟ್ಟರೂ ಹಾಲ್‌ಗಿಂತ ಅಲ್ಲಿ ಚಳಿ ಇದ್ದೇ ಇರುತ್ತದೆ. ಅಲ್ಲಿ ಹೀಟರ್ ಸಣ್ಣಗೆ ಉರಿಯಲಿ. ಪ್ರತಿ ಕೋಣೆಗೂ ಒಂದೊಂದು ಒಳ ಯೂನಿಟ್ ಹಾಕಿ, ಎಲ್ಲಕ್ಕೂ ಸೇರಿ ಹೊರಗೆ ಒಂದೇ ದೊಡ್ಡದು ಇಡುವ ವ್ಯವಸ್ಥೆಯೂ ಇದೆ. ಇಷ್ಟು ಸಣ್ಣ ಮನೆಗೆ ನಾನು ಅದನ್ನು ಹೇಳುವುದಿಲ್ಲ. ಒಂದೇ ಕೋಣೆಗೆ ಬಿಸಿ ಬೇಕಾದಾಗ ಆ ದೊಡ್ಡ ಕಂಪ್ರೆಸರ್ ಸಾಕಷ್ಟು ಕೆಳಗೆ ಇಳಿಯಲು ಒದ್ದಾಡುತ್ತದೆ. ಕರೆಂಟ್ ಹೋದರೆ ಹೀಟರ್, ಹೀಟ್ ಪಂಪ್ ಎರಡೂ ನಿಲ್ಲುತ್ತವೆ ಅನ್ನುವುದೂ ನೆನಪಿರಲಿ. ಕರೆಂಟ್ ಪದೇ ಪದೇ ಹೋಗುವ ಜಾಗವಾದರೆ ಸೌದೆ ಒಲೆಯಂಥದ್ದೇನಾದರೂ ಜೊತೆಗಿರಲೇಬೇಕು.

ಪ್ರಶ್ನೆ: ಹೋದ ವರ್ಷ ಹೀಟ್ ಪಂಪ್ ಹಾಕಿಸಿದೆವು. ಚಳಿಯ ಬೆಳಿಗ್ಗೆ ಹೊರಗಿನ ಯೂನಿಟ್‌ನಿಂದ ದಟ್ಟವಾಗಿ ಹೊಗೆ ಏಳುತ್ತದೆ. ಒಳಗೆ ಬಿಸಿಗಾಳಿ ನಿಂತುಹೋಗುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಸರಿಯಾಗುತ್ತದೆ. ಏನಾದರೂ ಸುಡುತ್ತಿದೆಯಾ? ಯೂನಿಟ್ ಕೆಳಗೆ ಐಸ್ ಗುಡ್ಡೆ ಬೇರೆ ಬೆಳೆದಿದೆ.

ಉತ್ತರ: ಹೆದರಬೇಡಿ, ಅದು ಹೊಗೆಯಲ್ಲ, ನೀರಿನ ಹಬೆ. ಹೊರಗಿನ ಕಾಯಿಲ್ ಗಾಳಿಗಿಂತ ತಣ್ಣಗಿರುವುದರಿಂದ ಗಾಳಿಯ ತೇವ ಅದರ ಮೇಲೆ ಬಿಳಿಯಾಗಿ ಹೆಪ್ಪುಗಟ್ಟುತ್ತದೆ. ತೆಳ್ಳಗಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಅದು ತುಂಬಿಕೊಂಡರೆ ಗಾಳಿ ಆಡುವುದಿಲ್ಲ. ಆಗ ಯಂತ್ರ ತಾನೇ ಕರಗಿಸಲು ಶುರು ಮಾಡುತ್ತದೆ. ಒಮ್ಮೆ ಹತ್ತಿರ ನಿಂತು ನೋಡಿ. ಮೊದಲು ಫ್ಯಾನ್ ನಿಲ್ಲುತ್ತದೆ. ‘ಹುಸ್’ ಅಂತ ಒಂದು ಸದ್ದು, ಅದು ಗ್ಯಾಸ್ ಹರಿಯುವ ದಿಕ್ಕು ತಿರುಗಿಸುವ ವಾಲ್ವ್‌ನದು. ಬಿಸಿ ಗ್ಯಾಸ್ ಈಗ ಹೊರಗಿನ ಕಾಯಿಲ್‌ಗೆ ಬರುತ್ತದೆ. ಬಿಳಿ ಪದರ ಮೊದಲು ಒಂದು ಅಂಚಿನಲ್ಲಿ ಬೂದು ಬಣ್ಣಕ್ಕೆ ತಿರುಗಿ, ಒದ್ದೆಯಾಗಿ, ಜಾರಿ ಬೀಳುತ್ತದೆ. ತಳದಿಂದ ನೀರು ಸುರಿಯುತ್ತದೆ. ಕೊನೆಗೆ ಫ್ಯಾನ್ ಮತ್ತೆ ತಿರುಗಿದಾಗ ಒಳಗೆ ತುಂಬಿದ್ದ ಹಬೆಯೆಲ್ಲ ಒಮ್ಮೆಲೇ ಹೊರಬರುತ್ತದೆ. ಕೆಲವೇ ನಿಮಿಷದ ಕೆಲಸ. ಅಷ್ಟು ಹೊತ್ತು ಬಿಸಿಯನ್ನು ಹೊರಗೆ ಕಳಿಸುವುದರಿಂದಲೇ ಒಳಗಿನ ಫ್ಯಾನ್ ನಿಂತಿರುತ್ತದೆ.

ಹಿಮ ಜಾಸ್ತಿ ಕಟ್ಟುವುದು ಮೈನಸ್ 20ರಲ್ಲಿ ಅಂತ ಅನೇಕರು ಅಂದುಕೊಂಡಿದ್ದಾರೆ. ಹಾಗಲ್ಲ. ಅಷ್ಟು ಚಳಿಯ ಗಾಳಿಯಲ್ಲಿ ತೇವ ತೀರಾ ಕಡಿಮೆ. ಸೊನ್ನೆಯ ಆಸುಪಾಸು, ತೇವದ ಗಾಳಿ ಇರುವ ದಿನಗಳಲ್ಲೇ ಯಂತ್ರ ಪದೇ ಪದೇ ಕರಗಿಸಬೇಕಾಗುತ್ತದೆ.

ನಿಮ್ಮ ಐಸ್ ಗುಡ್ಡೆ ಮಾತ್ರ ತಲೆಕೆಡಿಸಿಕೊಳ್ಳಬೇಕಾದ ವಿಷಯ. ಸುರಿದ ನೀರಿಗೆ ಹೋಗಲು ದಾರಿ ಇಲ್ಲ ಅಂತ ಅರ್ಥ. ಗುಡ್ಡೆ ಬೆಳೆದು ತಳ ಮುಟ್ಟಿದರೆ ತೂತು ಮುಚ್ಚಿಹೋಗುತ್ತದೆ, ಆಮೇಲೆ ಐಸ್ ಒಳಗೇ ಬೆಳೆದು ಫ್ಯಾನಿನ ರೆಕ್ಕೆಗೆ ತಗಲುತ್ತದೆ. ಯೂನಿಟ್ ನೆಲದ ಮೇಲೇ ಕೂತಿದ್ದರೆ ಕಾಲುಳ್ಳ ಸ್ಟ್ಯಾಂಡ್ ಮೇಲೆ ಎತ್ತಿಸಿ. ನಿಮ್ಮಲ್ಲಿ ಹಿಮ ಎಷ್ಟು ಎತ್ತರ ಕೂರುತ್ತದೋ ಅದಕ್ಕಿಂತ ಮೇಲೆ. ಕೆಳಗೆ ಜಲ್ಲಿ ಹಾಸಿ ನೀರು ಇಂಗಲು ಬಿಡಿ. ತಟ್ಟೆಯ ಹೀಟರ್ ಇದೆಯಾ, ಇದ್ದರೆ ಕೆಲಸ ಮಾಡುತ್ತಿದೆಯಾ ಅಂತ ಪರೀಕ್ಷೆ ಮಾಡಿಸಿ. ಜನ ಓಡಾಡುವ ದಾರಿಯ ಮೇಲೆ ಆ ನೀರು ಬೀಳುವ ಹಾಗೆ ಎಂದೂ ಇಡಬೇಡಿ, ಬೆಳಗಾಗುವುದರೊಳಗೆ ಅದು ಗಾಜಿನಂತೆ ಗಟ್ಟಿಯಾಗುತ್ತದೆ. ಸೂರಿನ ನೀರು ಬೀಳುವ ಜಾಗವೂ ಬೇಡ. ಕಾಯಿಲ್ ಮೇಲಿನ ಐಸನ್ನು ಕಬ್ಬಿಣದಿಂದ ಕೆರೆಯಬೇಡಿ. ಆ ರೆಕ್ಕೆಗಳು ಬೆರಳು ತಗುಲಿದರೂ ಬಾಗುವಷ್ಟು ಮೆತ್ತಗಿರುತ್ತವೆ.

ಪ್ರಶ್ನೆ: ನನ್ನ ತಮ್ಮನಿಗೆ ಎಸಿ ಕೆಲಸ ಗೊತ್ತು. ಅವನೇ ಜೋಡಿಸಿಕೊಡುತ್ತೇನೆ ಅನ್ನುತ್ತಾನೆ. ಒಪ್ಪಬಹುದಾ?

ಉತ್ತರ: ತಮ್ಮನ ಹತ್ತಿರ ಮೂರು ಸಾಮಾನು ಇವೆಯಾ ಕೇಳಿ: ನಟ್ಟನ್ನು ಅಳತೆಯ ಬಿಗಿಗೆ ತಿರುಗಿಸುವ ಟಾರ್ಕ್ ಸ್ಪ್ಯಾನರ್, ನೈಟ್ರೋಜನ್ ಸಿಲಿಂಡರ್, ವ್ಯಾಕ್ಯೂಮ್ ಪಂಪ್ ಜೊತೆಗೆ ಪೈಪಿನೊಳಗೆ ಉಳಿದ ಒತ್ತಡ ತೋರಿಸುವ ಮೈಕ್ರಾನ್ ಗೇಜ್. ತಾಮ್ರದ ಪೈಪಿನ ಬಾಯಿ ಅಗಲಿಸಿ ನಟ್ ಕೂರಿಸುವ ಜಾಗದಲ್ಲೇ ಹೆಚ್ಚಿನ ಸೋರಿಕೆ ಶುರುವಾಗುತ್ತದೆ. ಅಂದಾಜಿನ ಮೇಲೆ ಬಿಗಿ ಮಾಡಿದರೆ ಒಂದೋ ಸಡಿಲ, ಇಲ್ಲವೇ ಬಿರುಕು. ಆಮೇಲೆ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದಾ ಅಂತ ನೋಡಬೇಕು. ಅದಾದ ಮೇಲೆ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ಎಲ್ಲ ಎಳೆದುಹಾಕಬೇಕು. ಗೇಜ್ 500 ಮೈಕ್ರಾನ್‌ಗಿಂತ ಕೆಳಗೆ ಇಳಿದು, ಪಂಪ್ ನಿಲ್ಲಿಸಿದ ಮೇಲೂ ಅಲ್ಲೇ ನಿಲ್ಲಬೇಕು. ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಓಡಿಸಿದರೆ ಸಾಕು ಅನ್ನುವವರ ಕೈಗೆ ಯಂತ್ರ ಕೊಡಬೇಡಿ. ಒಳಗೆ ಉಳಿದ ತೇವ ಕಂಪ್ರೆಸರ್ ಎಣ್ಣೆಯನ್ನು ಕೆಡಿಸುತ್ತದೆ. ಆರ್32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್ ಬೇರೆ. ಅನೇಕ ಕಡೆ ಇದಕ್ಕೆ ಪರವಾನಗಿ ಕಡ್ಡಾಯ. ತಮ್ಮನಿಗೆ ಅದೂ ಇದ್ದರೆ ಸಂತೋಷವಾಗಿ ಒಪ್ಪಿ.

ಒಳಗಿನ, ಹೊರಗಿನ ಯೂನಿಟ್‌ಗಳನ್ನು ಜೋಡಿಸುವ ಎರಡೂ ಪೈಪಿಗೆ ಬೇರೆ ಬೇರೆಯಾಗಿ ದಪ್ಪ ಫೋಮ್ ಸುತ್ತಲು ಹೇಳಿ. ಚಳಿಗಾಲದಲ್ಲಿ ಎರಡರಲ್ಲೂ ಬಿಸಿಯೇ ಹರಿಯುವುದು. ಹೊರಗೆ ಬರಿದಾಗಿ ಬಿಟ್ಟ ಪ್ರತಿ ಮೀಟರ್ ಪೈಪೂ ಮನೆಯ ಬಿಸಿಯನ್ನು ಹೊರಗೆ ಚೆಲ್ಲುತ್ತದೆ.

ಪ್ರಶ್ನೆ: ಲೇಬಲ್ ಮೇಲೆ ಎ+++ ಅಂತಿದೆ. ಅಷ್ಟು ಸಾಕಲ್ವಾ?

ಉತ್ತರ: ಸಾಲದು. ನಿಮ್ಮದು ಯುರೋಪಿನ ಲೇಬಲ್. ಅದರಲ್ಲಿ ಮೂರು ಹವಾಮಾನಕ್ಕೆ ಜಾಗ ಇದೆ. ಸರಾಸರಿ ಹವಾಮಾನದ ಲೆಕ್ಕ ಮೈನಸ್ 10 ಡಿಗ್ರಿವರೆಗಿನದು, ಚಳಿ ಹವಾಮಾನದ್ದು ಮೈನಸ್ 22ರವರೆಗಿನದು. ಚಳಿಯ ಅಂಕಿ ಕೊಡಲೇಬೇಕೆಂಬ ನಿಯಮ ಇಲ್ಲ, ಹಾಗಾಗಿ ಅನೇಕರು ಆ ಜಾಗ ಖಾಲಿ ಬಿಡುತ್ತಾರೆ. ನಿಮಗೆ ಬೇಕಾದದ್ದು ಅದೇ. ಇಡೀ ಋತುವಿನ ಸರಾಸರಿ ಅನುಪಾತ, ಅಂದರೆ ಎಸ್‌ಸಿಒಪಿ, ಆ ಅಂಕಣದಲ್ಲಿ ಎಷ್ಟಿದೆ ನೋಡಿ ಹೋಲಿಸಿ.

ಪ್ರಶ್ನೆ: ರಾತ್ರಿ ಆಫ್ ಮಾಡಿ ಬೆಳಿಗ್ಗೆ ಹಾಕಿದರೆ ಉಳಿತಾಯ ಆಗುತ್ತದಾ? ಒಳಗೆ ತಲೆ ಹತ್ತಿರ ಬಿಸಿ, ಕಾಲು ಮಾತ್ರ ತಣ್ಣಗೇ ಇರುತ್ತದೆ.

ಉತ್ತರ: ತೀವ್ರ ಚಳಿಯಲ್ಲಿ ಆಫ್ ಮಾಡಬೇಡಿ. ಬೆಳಗಿನ ಜಾವ ಹೊರಗೆ ಅತಿ ಚಳಿ ಇರುವಾಗಲೇ ಯಂತ್ರ ಪೂರ್ತಿ ಜೋರಾಗಿ ಓಡಬೇಕಾಗುತ್ತದೆ, ಆಗಲೇ ಅದರ ಅನುಪಾತ ತೀರಾ ಕಡಿಮೆ. ಒಂದೆರಡು ಡಿಗ್ರಿ ಇಳಿಸಿ ಮಲಗಿದರೆ ಸಾಕು.

ಕಾಲಿನ ಚಳಿಗೆ ಗಾಳಿಯ ರೆಕ್ಕೆಯನ್ನು ಪೂರ್ತಿ ಕೆಳಕ್ಕೆ ತಿರುಗಿಸಿ, ಫ್ಯಾನನ್ನು ಆಟೋದಲ್ಲಿಡಿ. ಫ್ಯಾನ್ ಸುಮ್ನೆ ಕಡಿಮೆಗೆ ಇಟ್ಟರೆ ಬಿಸಿ ಮೇಲೇ ನಿಲ್ಲುತ್ತದೆ. ಯಂತ್ರ ತಾಪ ಅಳೆಯುವುದು ಸಾಮಾನ್ಯವಾಗಿ ತಾನು ಗಾಳಿ ಎಳೆದುಕೊಳ್ಳುವ ಜಾಗದಲ್ಲಿ, ಅಂದರೆ ಸೂರಿನ ಹತ್ತಿರ. ಅಲ್ಲಿ 22 ಇದ್ದಾಗ ಸೋಫಾ ಹತ್ತಿರ 19 ಇರಬಹುದು. ರಿಮೋಟ್‌ನ ಅಂಕಿ ಬಿಡಿ. ಕೂರುವ ಎತ್ತರದಲ್ಲಿ ಒಂದು ಥರ್ಮಾಮೀಟರ್ ಇಟ್ಟು ಅದನ್ನು ನೋಡಿ ಹೊಂದಿಸಿ. ಕೆಲವು ಯಂತ್ರಗಳಿಗೆ ಬೇರೆ ಗೋಡೆಯ ಮೇಲೆ ಇಡುವ ಸೆನ್ಸರ್ ಸಿಗುತ್ತದೆ. ಹಾಗೆಯೇ ಮುಂದಿನ ಮುಚ್ಚಳ ಎತ್ತಿ ಜಾಳಿಗೆ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಸರಿಯಾಗಿ ಕಾಣದಿದ್ದರೆ ನಲ್ಲಿ ಕೆಳಗೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಚಳಿಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಇದನ್ನು ಮಾಡಬೇಕು. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಎರಡು ವಾರಕ್ಕೊಮ್ಮೆ.